ಎರಡು ವರ್ಷ ಅಂತ ಹೇಳಿ ಹೋದವನು

ನಲವತ್ನಾಲ್ಕನೇ ವಯಸ್ಸಿನಲ್ಲಿ, 1995ರ ಜೂನ್‌ನಲ್ಲಿ, ನಾನೇ ಅರ್ಜಿ ಕೊಟ್ಟು ಬೆಂಗಳೂರಿಗೆ ವರ್ಗ ಮಾಡಿಸಿಕೊಂಡೆ. ಅಲ್ಲಿಯತನಕ ಬಸವಕಲ್ಯಾಣದ ಮನೆಯಿಂದ ಹುಮನಾಬಾದಿನ ಬ್ಯಾಂಕಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ ಬಿ.ಕಾಂ. ಗುಮಾಸ್ತ ನಾನು. ಗಿರಾಕಿಗಳ ಸಹಿ ನನಗೆ ಬಾಯಿಪಾಠವಾಗಿತ್ತು. ಕಾರ್ಡು ತೆಗೆದು ನೋಡುತ್ತಿದ್ದುದು ಕಡಿಮೆ. (ನೋಡಬೇಕೆಂಬುದು ನಿಯಮ, ಆ ಮಾತು ಬೇರೆ.) ತೊಗರಿ ಮಾರಾಟದ ದಿನಗಳಲ್ಲಂತೂ ಕೌಂಟರಿನ ಮುಂದೆ ಜಾತ್ರೆಯೇ.

ಹೊರಡಲು ಕಾರಣ ಮಗ. ಹತ್ತನೇ ತರಗತಿ ಮುಗಿಸಿದ್ದ, ಲೆಕ್ಕದಲ್ಲಿ ಚುರುಕು. ಆಗ ಎಲ್ಲರ ಬಾಯಲ್ಲೂ ಕಂಪ್ಯೂಟರ್, ಇನ್ಫೋಸಿಸ್, ಎಲೆಕ್ಟ್ರಾನಿಕ್ಸ್ ಸಿಟಿ. ಅವ್ವ ಕೇಳಿದ್ದು ಒಂದೇ ಮಾತು: "ತಿರುಗಿ ಯಾವಾಗ ಬರ್ತಿ?" "ಎರಡೇ ವರ್ಷ ಅವ್ವ, ಇವನ ಪಿಯುಸಿ ಮುಗೀಲಿ" ಅಂದೆ.

ಬಸ್ಸಿನಲ್ಲಿ ಗುಲ್ಬರ್ಗಾಕ್ಕೆ ಹೋಗಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದೆವು. ಸಾಮಾನಿನಲ್ಲಿ ಅರ್ಧ ಚೀಲ ಜೋಳವೂ ಇತ್ತು.

ಬೆಂಗಳೂರಿನಲ್ಲಿ "ಎರಡು ಖೋಲಿ ಮನಿ ಬೇಕಾಗಿತ್ರಿ" ಅಂದರೆ ಮಾಲೀಕರು ಮುಖ ನೋಡಿದರು. ನಮ್ಮ ಭಾಗ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಪ್ಪ ಶಾಲೆಯಲ್ಲಿ ಕಲಿತದ್ದೇ ಉರ್ದು. ಖೋಲಿ, ದವಾಖಾನಿ ಎಲ್ಲ ಅಚ್ಚಗನ್ನಡ ಎಂದೇ ನಾನು ನಂಬಿದ್ದೆ. ಬಸವಣ್ಣನವರ ಕಲ್ಯಾಣ ನಮ್ಮೂರು ಅಂದರೂ "ಅದು ಮಹಾರಾಷ್ಟ್ರದಲ್ಲಲ್ಲವಾ?" ಎಂದವರುಂಟು.

ಹೊಸ ಶಾಖೆಯಲ್ಲಿ ಲೆಡ್ಜರಿನ ಜಾಗದಲ್ಲಿ ಕಂಪ್ಯೂಟರ್ ಕೂತಿತ್ತು. ನನ್ನ ದುಂಡನೆಯ ಅಕ್ಷರಕ್ಕೆ ಅಲ್ಲಿ ಕೆಲಸವಿರಲಿಲ್ಲ. ಎರಡೇ ಬೆರಳಲ್ಲಿ ಕುಟ್ಟುತ್ತ ಮೂರನೇ ದಿನವೇ ಒಬ್ಬರ ಜಮೆಯನ್ನು ಇನ್ನೊಬ್ಬರ ಖಾತೆಗೆ ಹಾಕಿಬಿಟ್ಟೆ. ಲೆಕ್ಕ ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಎಲ್ಲರೂ ಕೂತರು. ನನಗಿಂತ ಇಪ್ಪತ್ತು ವರ್ಷ ಚಿಕ್ಕ ಹುಡುಗಿಯೊಬ್ಬಳು ಒಂದು ಮಾತೂ ಆಡದೆ ತಪ್ಪು ಹುಡುಕಿಕೊಟ್ಟಳು. ಬಸ್ ಸ್ಟಾಪಿನಲ್ಲಿ ನಿಂತು, ವಾಪಸ್ ಹೋಗಿಬಿಡಲೇ ಅಂತ ಯೋಚಿಸಿದೆ. ಮನೆಯಲ್ಲಿ ಮಗ ದೀಪ ಹಚ್ಚಿಕೊಂಡು ಓದುತ್ತಿದ್ದ. ಅವನಿಗೆ ಏನೂ ಹೇಳಲಿಲ್ಲ. ಆರು ತಿಂಗಳಲ್ಲಿ ಬೆರಳುಗಳು ಪಳಗಿದವು.

ಪಿಯುಸಿ ಮುಗಿಯಿತು, ಇಂಜಿನಿಯರಿಂಗ್ ಸೀಟು ಸಿಕ್ಕಿತು. ಎಂದರೆ ಇನ್ನೂ ನಾಲ್ಕು ವರ್ಷ. ಅವ್ವನನ್ನು ಕರೆತಂದೆ. ಇಪ್ಪತ್ತೆರಡು ದಿನ ಇದ್ದಳು. ಸಾಂಬಾರು ಸಿಹಿ, ಕಟ್ಟೆಯ ಮೇಲೆ ಕೂತರೆ ಮಾತಾಡುವವರಿಲ್ಲ. "ನನ್ನ ಊರಿಗಿ ಬಿಟ್ಟು ಬಾ" ಅಂದಳು. ಆಮೇಲೆ ವಾರಕ್ಕೊಮ್ಮೆ ಎಸ್‌ಟಿಡಿ ಬೂತಿನಲ್ಲಿ, ರಾತ್ರಿ ದರ ಇಳಿಯುವುದನ್ನು ಕಾದು, ಪಕ್ಕದ ಮನೆಯ ಫೋನಿಗೆ ಕರೆ ಮಾಡುತ್ತಿದ್ದೆ. ಯಾವಾಗ ಬರ್ತಿ ಅಂತ ಅವಳು ಮತ್ತೆಂದೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

2000ದಲ್ಲಿ ಸುದ್ದಿ ಬಂದಾಗ ಅದೇ ರೈಲು ವಿರುದ್ಧ ದಿಕ್ಕಿನಲ್ಲಿ, ಅದೇ ಬಸ್ಸು. ತಡವಾಗಿತ್ತು. ಅಕ್ಕ ಬಾಗಿಲಲ್ಲೇ ಕೈ ಹಿಡಿದುಕೊಂಡಳು.

ಹೋದದ್ದು ತಪ್ಪು ಎಂದು ನನಗೆ ಅನ್ನಿಸಿಲ್ಲ, ಮಗ ಚೆನ್ನಾಗಿದ್ದಾನೆ. ಎರಡು ವರ್ಷ ಅಂತ ಹೇಳಿದ್ದು ತಪ್ಪು. ಈಗ ಬೀದರ್‌-ಕಲಬುರಗಿ ರೈಲು 2017ರಿಂದ ಹುಮನಾಬಾದಿನ ಮೇಲೇ ಓಡುತ್ತದೆ. ಆಗ ಇದ್ದಿದ್ದರೆ ಬೇಗ ಮುಟ್ಟುತ್ತಿದ್ದೆನೋ ಏನೋ.

ಅಡುಗೆಮನೆಯ ಹಲಗೆಯ ಮೇಲೆ ನನ್ನ ಹುಮನಾಬಾದಿನ ಬುತ್ತಿ ಡಬ್ಬಿ ತೊಳೆದು ಬೋರಲು ಹಾಕಿತ್ತು. ಐದು ವರ್ಷವೂ ಅವ್ವ ಅದನ್ನು ವಾರಕ್ಕೊಮ್ಮೆ ಬೆಳಗುತ್ತಿದ್ದಳಂತೆ. ಜೊತೆಗೆ ತಂದೆ. ಈಗ ಅದರಲ್ಲಿ ಮೊಮ್ಮಗಳು ಬಣ್ಣದ ಪೆನ್ಸಿಲ್ ಇಡುತ್ತಾಳೆ.