ಹಿತ್ತಲಲ್ಲಿ ಕಟ್ಟಿದ ದೋಣಿ, ಗಂಟೆಗೆ 511 ಕಿಲೋಮೀಟರ್

ಬರೀಬೇಕು ಬರೀಬೇಕು ಅಂದ್ಕೊಂಡು ಎಷ್ಟೋ ದಿನದಿಂದ ಹಾಗೇ ಉಳಿದುಬಿಟ್ಟಿದ್ದ ವಿಷಯ ಇದು. ದೋಣಿಗಳ ಬಗ್ಗೆ. ಅದರಲ್ಲೂ ವಿಪರೀತ ವೇಗದ ದೋಣಿಗಳ ಬಗ್ಗೆ. "ನಿಮಗೆ ಈಜೋಕೇ ಬರಲ್ಲ, ದೋಣಿ ಯಾಕೆ?" ಅಂತ ನನ್ನ ಹೆಂಡತಿ ಕೇಳ್ತಾಳೆ. ನ್ಯಾಯವಾದ ಪ್ರಶ್ನೆಯೇ :) ಆದರೂ ಸಿಡ್ನಿಗೆ ಬಂದಮೇಲೆ ಹತ್ತಿಕೊಂಡ ಈ ಹುಚ್ಚು ಬಿಟ್ಟಿಲ್ಲ.

ಒಂದು ವಿಚಿತ್ರ ಗಮನಿಸಿ. ನಮ್ಮ ಮೊಬೈಲು, ಕಂಪ್ಯೂಟರು, ರೈಲು ಎಲ್ಲದರ ವೇಗವೂ ಹೆಚ್ಚುತ್ತಲೇ ಇದೆ. ನೀರಿನ ಮೇಲಿನ ವೇಗದ ವಿಶ್ವದಾಖಲೆ ಮಾತ್ರ 1978ರಿಂದ ಅಲ್ಲೇ ನಿಂತಿದೆ. ಅದನ್ನು ಮಾಡಿದ್ದು ಯಾವ ದೊಡ್ಡ ಕಂಪನಿಯೂ ಅಲ್ಲ. ಕೆನ್ ವಾರ್ಬಿ ಅನ್ನೋ ಆಸ್ಟ್ರೇಲಿಯಾದ ಮನುಷ್ಯ ಸಿಡ್ನಿಯ ತನ್ನ ಮನೆಯ ಹಿತ್ತಲಲ್ಲಿ ಮರ, ಪ್ಲೈವುಡ್, ಫೈಬರ್‌ಗ್ಲಾಸ್ ಸೇರಿಸಿ ಕಟ್ಟಿದ ದೋಣಿ ಅದು. ಹೆಸರು 'ಸ್ಪಿರಿಟ್ ಆಫ್ ಆಸ್ಟ್ರೇಲಿಯಾ'. ಅದಕ್ಕೆ ಹಾಕಿದ್ದು ವಾಯುಪಡೆ ಬೇಡವೆಂದು ಹರಾಜು ಹಾಕಿದ್ದ ಹಳೇ ಜೆಟ್ ಎಂಜಿನ್ನು. 1978ರ ಅಕ್ಟೋಬರ್ 8ರಂದು ನ್ಯೂ ಸೌತ್ ವೇಲ್ಸ್‌ನ ಬ್ಲೋವರಿಂಗ್ ಜಲಾಶಯದಲ್ಲಿ ಅವನು ಅದನ್ನು ಗಂಟೆಗೆ 511 ಕಿ.ಮೀ. ವೇಗದಲ್ಲಿ ಓಡಿಸಿದ. ಒಂದು ಸಲ ಓಡಿಸಿದರೆ ದಾಖಲೆ ಆಗಲ್ಲ. ಹೋಗಿ, ತಿರುಗಿ ಬಂದು, ಎರಡರ ಸರಾಸರಿ ತೆಗೀಬೇಕು. ಇದು ಆ ಸರಾಸರಿ!

ಇದರಲ್ಲಿ ಏನು ಅಂಥಾ ಕಷ್ಟ, ದೊಡ್ಡ ಎಂಜಿನ್ ಹಾಕಿದರಾಯ್ತಲ್ಲ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಓದ್ತಾ ಹೋದ ಹಾಗೆ ಗೊತ್ತಾಗಿದ್ದು, ಇಡೀ ಆಟ ಇರೋದು ದೋಣಿಯ ತಳದಲ್ಲಿ.

ಮಾಮೂಲಿ ದೋಣಿ ನೀರನ್ನು ಸರಿಸಿಕೊಂಡು ಹೋಗುತ್ತೆ. ಮೂತಿಯಲ್ಲಿ ಒಂದು ಅಲೆ, ಹಿಂಬದಿಯಲ್ಲಿ ಇನ್ನೊಂದು. ವೇಗ ಹೆಚ್ಚಿದ ಹಾಗೆ ಆ ಎರಡು ಅಲೆಗಳ ಮಧ್ಯದ ತಗ್ಗಿನಲ್ಲಿ ದೋಣಿ ಸಿಕ್ಕಿಹಾಕಿಕೊಳ್ಳುತ್ತೆ. ಎಂಟು ಮೀಟರ್ ಉದ್ದದ ದೋಣಿಗೆ ಈ ಮಿತಿ ಗಂಟೆಗೆ ಸುಮಾರು 12-13 ಕಿ.ಮೀ. ಅಷ್ಟೇ! ಅದನ್ನು ದಾಟಬೇಕಾದರೆ ನೀರನ್ನು ಸೀಳೋದು ಬಿಟ್ಟು ನೀರಿನ ಮೇಲೆ ಹತ್ತಿ ಜಾರಬೇಕು. ಚಿಕ್ಕವರಿದ್ದಾಗ ಕೆರೆಗೆ ಚಪ್ಪಟೆ ಕಲ್ಲು ಬೀಸಿ ಎಸೀತಿದ್ವಲ್ಲ, ಕಪ್ಪೆ ಥರ ಕುಪ್ಪಳಿಸಿಕೊಂಡು ಹೋಗ್ತಿತ್ತಲ್ಲ, ಆ ಥರ. ತಳ ಚಪ್ಪಟೆ ಇದ್ದರೆ ಬೇಗ ಮೇಲೇಳುತ್ತೆ, ಆದರೆ ಅಲೆ ಬಂದರೆ ಕೂತವರ ಸೊಂಟ ಮುರಿಯುತ್ತೆ. ತಳವನ್ನು ಇಂಗ್ಲಿಷಿನ 'ವಿ' ಅಕ್ಷರದ ಥರ ಆಳವಾಗಿ ಮಾಡಿದರೆ ಅಲೆಯನ್ನು ಮೆತ್ತಗೆ ಸೀಳುತ್ತೆ, ಆದರೆ ಮೇಲೇಳೋಕೆ ಹೆಚ್ಚು ಶಕ್ತಿ ಬೇಕು. ಹಿಂಬದಿಯವರೆಗೂ ಆಳವಾದ 'ವಿ' ಇಟ್ಟು ಸಮುದ್ರದಲ್ಲಿ ಗೆಲ್ಲಬಹುದು ಅಂತ ತೋರಿಸಿದವನು ಅಮೆರಿಕದ ರೇ ಹಂಟ್. ಅವನ ವಿನ್ಯಾಸದ ದೋಣಿ 1960ರ ಮಯಾಮಿ-ನಸಾವ್ ರೇಸು ಗೆದ್ದಿತು. ಅವನೂ ಹಡಗು ವಿನ್ಯಾಸವನ್ನು ಕಾಲೇಜಿನಲ್ಲಿ ಕಲಿತವನಲ್ಲ.

ವಾರ್ಬಿಯ ದೋಣಿ ಇನ್ನೊಂದು ಜಾತಿ. ಪೂರ್ತಿ ವೇಗದಲ್ಲಿರುವಾಗ ಅದು ನೀರಿಗೆ ತಾಗೋದು ಮೂರೇ ಕಡೆ. ಮುಂದೆ ಎಡಬಲಕ್ಕೆ ಎರಡು ತೇಲುಗಾಲುಗಳು, ಹಿಂದೆ ಒಂದು ಪುಟ್ಟ ಹಲಗೆ. ಉಳಿದದ್ದೆಲ್ಲಾ ಗಾಳಿಯಲ್ಲಿ. ಅಪಾಯವೂ ಅಲ್ಲಿಂದಲೇ. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 500 ಕಿ.ಮೀ.ನಲ್ಲಿ ಅದು ಪ್ರತಿ ಚದರ ಮೀಟರಿಗೆ ಒಂದು ಟನ್ನಿಗಿಂತ ಹೆಚ್ಚು ಅಂತ ಕೂತು ಲೆಕ್ಕ ಹಾಕಿ ದಂಗಾದೆ. ಮೂತಿ ಕೆಲವೇ ಡಿಗ್ರಿ ಮೇಲೆದ್ದರೆ ಸಾಕು, ಗಾಳಿ ತಳದಡಿ ನುಗ್ಗಿ ದೋಣಿಯನ್ನು ಎತ್ತಿ ಹಿಂದಕ್ಕೆ ಮಗುಚಿಹಾಕುತ್ತೆ. 1967ರ ಜನವರಿ 4ರಂದು ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಸತ್ತದ್ದು ಹೀಗೇ. ಆತ ವಾರ್ಬಿಯ ಆರಾಧ್ಯದೈವ! ವಾರ್ಬಿಯ ದಾಖಲೆ ಮುರಿಯೋಕೆ ಹೊರಟ ಲೀ ಟೇಲರ್ 1980ರಲ್ಲಿ, ಕ್ರೇಗ್ ಆರ್ಫನ್ಸ್ 1989ರಲ್ಲಿ ಪ್ರಾಣ ಕಳಕೊಂಡರು.

ಹಾಗಾದರೆ ಮನೆಯ ಹಿತ್ತಲಿನವನು ಹೇಗೆ ಉಳಿದುಕೊಂಡ? ಅದೃಷ್ಟವೂ ಇರಬಹುದು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಟಾಮ್ ಫಿಂಕ್ ಅಂತ ಪ್ರೊಫೆಸರ್ ಇದ್ದರು. ಹಿಂದೆ ಕ್ಯಾಂಪ್‌ಬೆಲ್ಲನ ದೋಣಿಯ ಕೆಲಸದಲ್ಲೂ ಇದ್ದವರು. ವಾರ್ಬಿಯ ದೋಣಿಯ ಮಾದರಿಯನ್ನು ಗಾಳಿಸುರಂಗದಲ್ಲಿಟ್ಟು ಪರೀಕ್ಷೆ ಮಾಡಿ ಸಲಹೆ ಕೊಟ್ಟರು. ಪವರ್ ಟೂಲ್ ಮಾರುತ್ತಿದ್ದ ಮನುಷ್ಯ ಬಂದಾಗ "ನಿನ್ನ ಡಿಗ್ರಿ ಎಲ್ಲಿ" ಅಂತ ಬಾಗಿಲು ಹಾಕಲಿಲ್ಲ. 1977ರ ನವೆಂಬರಿನಲ್ಲಿ ವಾರ್ಬಿ ಗಂಟೆಗೆ 464 ಕಿ.ಮೀ. ಮುಟ್ಟಿ ಹಳೇ ದಾಖಲೆ ಮುರಿದ. ಅಲ್ಲಿಂದ 511ಕ್ಕೆ ಹೋಗೋಕೆ ಹೆಚ್ಚುಕಡಿಮೆ ಒಂದು ವರ್ಷ ತಗೊಂಡ.

ಇದು ನನಗೆ ಯಾಕೆ ಇಷ್ಟು ತಾಗಿತು ಅಂದರೆ, ನಮ್ಮಪ್ಪ. ತೋಟದ ಮನುಷ್ಯ, ಓದಿದ್ದು ಏಳನೇ ಕ್ಲಾಸು. ಸುಲಿಯೋ ಆಳುಗಳು ಸಿಗಲ್ಲ ಅಂತ ಅಡಿಕೆ ಸುಲಿಯೋ ಒಂದು ಯಂತ್ರ ಮಾಡಿದ್ದರು. ಸೈಕಲ್ ಚೈನು, ಹಳೇ ಟಯರಿನ ರಬ್ಬರು, ಪಂಪ್‌ಸೆಟ್ಟಿನ ಮೋಟರು. ಅದನ್ನು ಹೊತ್ತುಕೊಂಡು ಒಂದು ಕಚೇರಿಗೆ ಹೋದರು. ಅವರು ಯಂತ್ರ ನೋಡಲಿಲ್ಲ. "ಎಷ್ಟು ಓದಿದೀರಿ?" ಅಂತ ಕೇಳಿದರು. ಅಪ್ಪ ತಿರುಗಿ ಬಂದರು. ಯಂತ್ರ ಕೊಟ್ಟಿಗೆ ಸೇರಿತು. ಕೆಲವು ವರ್ಷದ ಹಿಂದೆ ಅವರು ಸಿಡ್ನಿಗೆ ಬಂದಾಗ ಡಾರ್ಲಿಂಗ್ ಹಾರ್ಬರಿನ ಕಡಲ ಮ್ಯೂಸಿಯಮ್ಮಿಗೆ ಕರಕೊಂಡು ಹೋಗಿ ವಾರ್ಬಿಯ ದೋಣಿ ತೋರಿಸಿದೆ. ಅಪ್ಪ ಬೋರ್ಡು ಓದಲಿಲ್ಲ. ಅರ್ಧ ಗಂಟೆ ತಳವನ್ನೇ ನೋಡಿದರು. ಕೊನೆಗೆ "ಇವನಿಗೆ ಇದನ್ನ ಪರೀಕ್ಷೆ ಮಾಡಿಕೊಟ್ಟವರು ಯಾರೋ?" ಅಂತ ಕೇಳಿದರು. ಬೇರೆ ಯಾರೂ ಕೇಳದ ಪ್ರಶ್ನೆ ಅದು.

ಆಮೇಲೆ ಓದುವಾಗ ಸಿಕ್ಕಿದ ಹಳೇ ಕಥೆಯೊಂದನ್ನು ಹೇಳಲೇಬೇಕು. 1872ರಲ್ಲಿ ಇಂಗ್ಲೆಂಡಿನ ಪ್ಲೇಡನ್ ಅನ್ನೋ ಹಳ್ಳಿಯ ಪಾದ್ರಿ ಚಾರ್ಲ್ಸ್ ರಾಮಸ್, ಹಡಗಿನ ತಳದಲ್ಲಿ ಒಂದು ಮೆಟ್ಟಿಲು ಮಾಡಿದರೆ ಅದು ನೀರಿನ ಮೇಲೆ ಜಾರಿಕೊಂಡು ಹೋಗುತ್ತೆ ಅಂತ ನೌಕಾ ಇಲಾಖೆಗೆ ತಿಳಿಸಿದರು. ಪಾದ್ರಿಗೇಕಪ್ಪಾ ಹಡಗು ಅಂತ ನಗಬಹುದಿತ್ತು. ಆದರೆ ಆ ಕಾಲದ ಅತಿ ದೊಡ್ಡ ತಜ್ಞ ವಿಲಿಯಂ ಫ್ರೌಡ್ ಮಾದರಿ ಮಾಡಿಸಿ, ಟಾರ್ಕಿಯ ತಮ್ಮ ತೊಟ್ಟಿಯಲ್ಲಿ ಎಳೆದು ಅಳೆದರು. ಅಂದಿನ ಹಡಗುಗಳ ವೇಗದಲ್ಲಿ ಇದರಿಂದ ಪ್ರಯೋಜನವಿಲ್ಲ, ಎಳೆತ ಇನ್ನೂ ಹೆಚ್ಚು ಅಂತ ಉತ್ತರ ಬಂತು. ಉತ್ತರ ಸರಿಯಾಗೇ ಇತ್ತು. ಆಗಿನ ಉಗಿಯಂತ್ರಗಳು ಅಷ್ಟು ಭಾರ. ಹಗುರವಾದ ಪೆಟ್ರೋಲ್ ಎಂಜಿನ್ ಬಂದಮೇಲೆ, 20ನೇ ಶತಮಾನದ ಆರಂಭದಲ್ಲಿ, ಮೆಟ್ಟಿಲು ತಳದ ದೋಣಿಗಳೇ ರೇಸು ಗೆಲ್ಲತೊಡಗಿದವು. ಇವತ್ತಿನ ಎಷ್ಟೋ ವೇಗದ ದೋಣಿಗಳ ತಳದಲ್ಲೂ ಆ ಮೆಟ್ಟಿಲು ಇದೆ.

ಹವ್ಯಾಸಿಗಳೆಲ್ಲಾ ಜೀನಿಯಸ್ಸುಗಳು, ತಜ್ಞರೆಲ್ಲಾ ಮೂರ್ಖರು ಅಂತ ನಾನು ಹೇಳ್ತಿಲ್ಲ. ಹವ್ಯಾಸಿಗಳ ನೂರು ಐಡಿಯಾಗಳಲ್ಲಿ ತೊಂಬತ್ತು ನೀರಿಗಿಳಿದರೆ ಮುಳುಗುತ್ತವೆ. ನಮ್ಮಪ್ಪನ ಯಂತ್ರವೂ ಅಡಿಕೆಯನ್ನೇ ಪುಡಿ ಮಾಡುತ್ತಿತ್ತೋ ಏನೋ. ಆದರೆ ಹಿತ್ತಲಿನವನಿಗೆ ಬೇಕಾಗಿರೋದು ಶಾಲು, ಹಾರ, ಚಪ್ಪಾಳೆ ಅಲ್ಲ. ಒಂದು ತೊಟ್ಟಿ, ಒಂದು ಗಾಳಿಸುರಂಗ, ಅಳೆದು ಹೇಳೋ ಒಬ್ಬ ಮನುಷ್ಯ. "ಆಗಲ್ಲ" ಅಂತಲೇ ಹೇಳಲಿ, ಅಳೆದು ಹೇಳಲಿ. ಗಂಟೆಗೆ 500 ಕಿ.ಮೀ.ನಲ್ಲಿ ಹೋಗೋವನಿಗಂತೂ ಅದು ಪ್ರಾಣ ಉಳಿಸೋ ಮಾತು.

ವಾರ್ಬಿ 2023ರಲ್ಲಿ ತೀರಿಕೊಂಡ. ದಾಖಲೆ ಇನ್ನೂ ಅವನದ್ದೇ. ಅಪ್ಪನ ಯಂತ್ರ ಇನ್ನೂ ಕೊಟ್ಟಿಗೆಯಲ್ಲಿದೆ. ಈ ಸಲ ಊರಿಗೆ ಹೋದಾಗ ಅದನ್ನು ಹೊರಗೆ ತೆಗೆದು, ಗಂಟೆಗೆ ಎಷ್ಟು ಕೆಜಿ ಸುಲಿಯುತ್ತೆ, ಎಷ್ಟು ಅಡಿಕೆ ಒಡೆಯುತ್ತೆ ಅಂತ ತಕ್ಕಡಿ ಇಟ್ಕೊಂಡು ಅಳೆಯೋದು ಅಂತ ತೀರ್ಮಾನ ಮಾಡಿದೀನಿ. ಅಪ್ಪನಿಗೆ ಎಂಬತ್ತು ದಾಟಿದೆ. ಫೋನಿನಲ್ಲಿ ಹೇಳಿದರೆ "ಚೈನು ಬದಲಾಯಿಸ್ಬೇಕು ಮಾರಾಯ" ಅಂದರು.

ನಿಮ್ಮೂರಿನ ಹಿತ್ತಲುಗಳಲ್ಲೂ ಇಂಥವರು ಇರ್ತಾರೆ. ಗೊತ್ತಿದ್ದರೆ ಬರೀರಿ, ಓದೋಕೆ ಕಾಯ್ತಿರ್ತೀನಿ.