ತುರುವೇಕೆರೆಗೆ ಹೋದರೆ ಊಟ ಎಲ್ಲಿ?

ಆಫೀಸಿನಲ್ಲಿ ನನಗೆ ಬರುವ ಮೆಸೇಜುಗಳಲ್ಲಿ ಕೆಲಸಕ್ಕೆ ಸಂಬಂಧವೇ ಇಲ್ಲದ, ಆದರೆ ವರ್ಷಾ ವರ್ಷಾ ತಪ್ಪದೇ ಬರುವ ಮೆಸೇಜ್ ಒಂದಿದೆ. ಮಳೆ ನಿಂತು ಚಳಿ ಶುರುವಾಗುತ್ತಿದ್ದ ಹಾಗೆ, ಯಾವುದಾದರೂ ಶುಕ್ರವಾರ ಮಧ್ಯಾಹ್ನ ಬರುತ್ತೆ: “ಗುರೂ, ನಾಳೆ ನಿಮ್ಮೂರ ಕಡೆ ಹೋಗ್ತಿದೀವಿ. ಹೊಯ್ಸಳರ ದೇವಸ್ಥಾನ ನೋಡ್ಬೇಕು. ಊಟಕ್ಕೆ ಎಲ್ಲಿ ಚೆನ್ನಾಗಿರುತ್ತೆ?”

ದೇವಸ್ಥಾನಗಳ ಪಟ್ಟಿ ಕೊಡೋದು ಸುಲಭ. ಬೇಲೂರು, ಹಳೇಬೀಡಿನ ನೂಕುನುಗ್ಗಲು ಸಾಕಾದವರಿಗೆ ತುರುವೇಕೆರೆ ಒಳ್ಳೇ ಜಾಗ. ಚೆನ್ನಿಗರಾಯನ ಗುಡಿ, ಮೂಲೆ ಶಂಕರೇಶ್ವರನ ಗುಡಿ ಎರಡೂ ಊರೊಳಗೇ ಇವೆ; ಹೊಯ್ಸಳರ ಮೂರನೆಯ ನರಸಿಂಹನ ಕಾಲದವು, ಅಂದರೆ 13ನೆಯ ಶತಮಾನದವು. ಗಂಗಾಧರೇಶ್ವರನ ಗುಡಿಯ ಕಪ್ಪು ನಂದಿಯ ನುಣುಪು ನೋಡಿದರೆ ನಿನ್ನೆ ಮೊನ್ನೆ ಪಾಲಿಶ್ ಮಾಡಿಟ್ಟ ಹಾಗಿದೆ. ಅಲ್ಲಿಂದ ನೊಣವಿನಕೆರೆ ಮೇಲೆ ತಿಪಟೂರಿನ ಕಡೆ ಹೊರಟರೆ ವಿಘ್ನಸಂತೆಯ ಲಕ್ಷ್ಮೀನರಸಿಂಹ ಸಿಗುತ್ತಾನೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಇವೆಲ್ಲಕ್ಕಿಂತ ಹಳಬ, 9ನೆಯ ಶತಮಾನದವನು. ಅಲ್ಲಿ ಛಾವಣಿಯ ನಡುವೆ ಶಿವ ಕುಣಿಯುತ್ತಿದ್ದಾನೆ, ಸುತ್ತ ಎಂಟು ದಿಕ್ಪಾಲಕರು. ಹತ್ತು ನಿಮಿಷ ತಲೆಯೆತ್ತಿ ನೋಡಿದರೆ ಕತ್ತು ನೋಯುತ್ತದೆ, ಇಪ್ಪತ್ತು ನಿಮಿಷ ನೋಡಿದರೆ ಹಸಿವಾಗುತ್ತದೆ.

ಕಷ್ಟ ಇರೋದು ಅಲ್ಲಿಂದಾಚೆಗೆ.

ನಮ್ಮ ಕಡೆ ಗುಡಿ ಇರುವ ಹಳೇ ಪೇಟೆಯಲ್ಲಿ ಹೋಟೆಲ್ ಹುಡುಕಿದರೆ ಸಿಗೋದು ಅಪರೂಪ. ದೊಡ್ಡ ಯಾತ್ರಾಸ್ಥಳಗಳಲ್ಲಿ ದೇವಸ್ಥಾನದ ಬಾಗಿಲಲ್ಲೇ ಸಾಲಾಗಿ ಊಟದ ಬೋರ್ಡುಗಳಿರುತ್ತವಲ್ಲ, ಹಾಗೆ ಇಲ್ಲಿಲ್ಲ. ಹಿಂದೆ ದೇವರಿಗೆ ಬಂದವರು ನೆಂಟರ ಮನೆಯಲ್ಲೋ ಛತ್ರದಲ್ಲೋ ಉಂಡು ಹೋಗುತ್ತಿದ್ದರು. ಹೋಟೆಲ್ ಬಂದದ್ದು ಬಸ್ಸಿನ ಜೊತೆ, ತಾಲ್ಲೂಕು ಆಫೀಸು, ಕೋರ್ಟು, ಕೊಬ್ಬರಿ ಮಾರ್ಕೆಟ್ಟಿನ ಜೊತೆ. ಹಾಗಾಗಿ ಇವತ್ತಿಗೂ ಊಟ ಹುಡುಕಬೇಕಾದರೆ ಗುಡಿಗೆ ಬೆನ್ನು ಹಾಕಿ ಬಸ್ ಸ್ಟ್ಯಾಂಡಿನ ಕಡೆ ನಡೀಬೇಕು.

ಅಲ್ಲಿ ನಮ್ಮ ಜನ ಮೊದಲು ಮಾಡೋ ಕೆಲಸ ಫೋನ್ ತೆಗೆಯೋದು. ನಾಲ್ಕೂವರೆ ಸ್ಟಾರು, ನಾಲ್ಕು ಸ್ಟಾರು ಅಂತ ಹುಡುಕೋದು. ನಾನೂ ಇಂಥ ರೇಟಿಂಗ್ ಲೆಕ್ಕ ಹಾಕೋ ಕೋಡ್ ಬರೆದು ಸಂಬಳ ತಗೊಂಡವನೇ, ಅದಕ್ಕೇ ಹೇಳ್ತಿದೀನಿ. ಬೆಂಗಳೂರಿನಲ್ಲಿ ಎರಡು ಸಾವಿರ ಜನ ರೇಟಿಂಗ್ ಕೊಟ್ಟ ಜಾಗದ ಸರಾಸರಿಗೆ ಒಂದು ಅರ್ಥವಿದೆ. ತಾಲ್ಲೂಕು ಕೇಂದ್ರದಲ್ಲಿ ಹನ್ನೊಂದು ಜನ ಕೊಟ್ಟಿರುತ್ತಾರೆ. ಅದರಲ್ಲಿ ನಾಲ್ಕು ಜನ ಓನರ್ ಕಡೆಯವರು, ಇಬ್ಬರು ಪಾರ್ಕಿಂಗ್ ಇಲ್ಲ ಅಂತ ಸಿಟ್ಟಾದವರು. ದಿನಾ ಅಲ್ಲೇ ಉಣ್ಣುವ ಆಟೋ ಡ್ರೈವರು, ಹಮಾಲಿ, ಕೋರ್ಟಿಗೆ ಬಂದ ರೈತ ಇವರ್ಯಾರೂ ಸ್ಟಾರ್ ಕೊಡಲ್ಲ. ಅವರು ನಾಳೆ ಮತ್ತೆ ಬರ್ತಾರೆ, ಅಷ್ಟೇ.

ಹಾಗಾಗಿ ನಾನು ಕೇಳಿದವರಿಗೆ ಹೋಟೆಲ್ ಹೆಸರು ಹೇಳಲ್ಲ, ಹುಡುಕೋ ದಾರಿ ಹೇಳ್ತೀನಿ.

ಮೊದಲನೇದು, ಹೊತ್ತು. ನಮ್ಮ ಕಡೆ ಇಡ್ಲಿ ಬೆಳಗಿನ ತಿಂಡಿ. ಹತ್ತು ಗಂಟೆಯ ಮೇಲೆ ಹೋದರೆ ತಳದ ಇಡ್ಲಿ. ಮುದ್ದೆ ಮಧ್ಯಾಹ್ನದ್ದು, ಹನ್ನೆರಡೂವರೆಗೆ ಬಿಸಿ, ಎರಡಕ್ಕೆ ಗಟ್ಟಿ, ಎರಡೂವರೆಗೆ “ಖಾಲಿ ಸಾರ್, ಅನ್ನ ಐತೆ.” ಗುಡಿಯಲ್ಲೂ ಅರ್ಚಕರು ಮಧ್ಯಾಹ್ನ ಬೀಗ ಹಾಕಿ ಮನೆಗೆ ಹೋಗಿರುತ್ತಾರೆ. ಅವರು ಉಣ್ಣುವ ಹೊತ್ತಿಗೇ ನೀವೂ ಉಂಡರೆ ಯಾರಿಗೂ ತೊಂದರೆಯಿಲ್ಲ.

ಎರಡನೇದು, ಯಾರು ಉಣ್ತಿದ್ದಾರೆ ನೋಡಿ. ಟೂರಿಸ್ಟ್ ಕಾರುಗಳು ನಿಂತ ಹೋಟೆಲ್ಲಿಗಿಂತ ತಾಲ್ಲೂಕು ಆಫೀಸಿನ ಗುಮಾಸ್ತರು ನಡೆದುಕೊಂಡು ಬರುವ ಹೋಟೆಲ್ ವಾಸಿ. ಮಾಂಸ ತಿನ್ನುವವರಾದರೆ ಮಿಲಿಟರಿ ಹೋಟೆಲ್ ಬೋರ್ಡು ನೋಡಿ. ಒಳಗೆ ಕೈ ತೊಳೆಯುವ ಜಾಗದಲ್ಲಿ ಸಾಲು ನಿಂತಿದ್ದರೆ ಒಳಗೆ ಹೋಗಿ.

ಮೂರನೇದು ನನ್ನ ಸ್ವಂತದ್ದು: ಚಟ್ನಿ. ಇದು ತೆಂಗಿನ ಸೀಮೆ. ತಿಪಟೂರಿನ ಉಂಡೆ ಕೊಬ್ಬರಿ ಉತ್ತರ ಭಾರತದ ತನಕ ಹೋಗುತ್ತೆ. ಬಲಿತ ಕಾಯನ್ನ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಕಾಯ್ತೀವಿ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಆಮೇಲೆ ಸುಲಿದು, ಕರಟ ಒಡೆದು, ಉಂಡೆ ಮುಕ್ಕಾಗದ ಹಾಗೆ ತೆಗೀಬೇಕು. ನಮ್ಮ ಮನೆಯಲ್ಲಿ ಸ್ಕೂಲ್ ಫೀಸು, ಅಕ್ಕನ ಮದುವೆ, ನನ್ನ ಬಿ.ಇ. ಎಲ್ಲ ಆ ಅಟ್ಟದಿಂದಲೇ ಇಳಿದದ್ದು.

ಈ ಸೀಮೆಯ ಹೋಟೆಲ್ಲಿನಲ್ಲಿ ಕೂತು ಕೊಬ್ಬರಿ ರೇಟು ತಿಳ್ಕೋಬೇಕು ಅಂದರೆ ಪೇಪರ್ ಬೇಡ, ಚಟ್ನಿ ಸಾಕು. 2023ರಲ್ಲಿ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ಲಿಗೆ 11,750 ರೂಪಾಯಿ ಇದ್ದಾಗ ಮಾರ್ಕೆಟ್ಟಿನಲ್ಲಿ ಎಂಟು ಸಾವಿರದ ಆಸುಪಾಸಿಗೆ ಬಿದ್ದಿತ್ತು. ನಮ್ಮಪ್ಪ ಮಾರದೆ ಅಟ್ಟದಲ್ಲೇ ಇಟ್ಟುಕೊಂಡು ಕೂತಿದ್ದರು. ಹೋಟೆಲ್ಲಿನ ಚಟ್ನಿ ಮಾತ್ರ ಬೆಳ್ಳಗೆ, ಗಟ್ಟಿಯಾಗಿ, ಎರಡನೇ ಸಲ ಕೇಳದೇ ಬರುತ್ತಿತ್ತು. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ಹೋಟೆಲ್ಲಿನಲ್ಲಿ ಕಾಯಿ ಕಮ್ಮಿಯಾಗಿ ಹುರಿಗಡಲೆ ಜಾಸ್ತಿಯಾಯ್ತು, ಕೆಲವು ಕಡೆ ಕಡ್ಲೆಕಾಯಿಬೀಜದ ಚಟ್ನಿಯೇ ಬಂತು. ರೈತನಿಗೆ ಒಳ್ಳೇ ಕಾಲ ಬಂದಾಗ ಚಟ್ನಿಗೆ ಕೆಟ್ಟ ಕಾಲ. ಅಂಥ ವರ್ಷದಲ್ಲೂ ಕಾಯಿ ಚಟ್ನಿ ಕೊಡುವ ಹೋಟೆಲ್ ಸಿಕ್ಕಿದರೆ ಬೇರೇನೂ ಯೋಚಿಸದೆ ಕೂತುಬಿಡಿ. ಚಟ್ನಿಯಲ್ಲಿ ಮೋಸ ಮಾಡದವನು ಸಾರಿನಲ್ಲೂ ಮಾಡಲ್ಲ.

ಇಷ್ಟು ಹೇಳಿದರೆ ಸಾಮಾನ್ಯವಾಗಿ ಪ್ರಶ್ನೆ ಮುಗಿಯುತ್ತೆ. ಆದರೆ ನಾನೇ ಜೊತೆಗೆ ಹೋಗುವಾಗ ಇನ್ನೊಂದು ಸಮಸ್ಯೆ ಇದೆ. ಊರಿಗೆ ಎಂಟು ಮೈಲಿ ಹತ್ತಿರ ಬಂದು ಹೋಟೆಲ್ಲಿನಲ್ಲಿ ಉಂಡರೆ ಅಮ್ಮನಿಗೆ ಅದು ಅವಮಾನ. “ಮನೆ ಇಲ್ವೇನೋ? ಹೋಟ್ಲಲ್ಲಿ ಉಣ್ಸಿ ಕಳಿಸ್ದೇನೋ ಬಂದೋರ್ನ?” ಅಂತಾಳೆ. ಮನೆಗೆ ಕರ್ಕೊಂಡು ಹೋದರೆ ಅರವತ್ತು ದಾಟಿದ ಅವಳು ಬೆಳಗ್ಗೆ ನಾಲ್ಕಕ್ಕೇ ಎದ್ದು ಎಂಟು ಜನಕ್ಕೆ ಬಸ್ಸಾರು, ಪಲ್ಯ, ಒಬ್ಬಟ್ಟು ಅಂತ ಒಲೆ ಮುಂದೆ ನಿಲ್ತಾಳೆ. ನಮ್ಮವರು ತಟ್ಟೆ ಫೋಟೋ ತೆಗೆದು “ಆಂಟಿ ಸೂಪರ್” ಅಂತಾರೆ. ಅವಳಿಗೆ ಖುಷಿ, ಆಮೇಲೆ ಎರಡು ದಿನ ಮಂಡಿ ನೋವು.

ಎರಡು ವರ್ಷದ ಹಿಂದೆ ಹೀಗೇ ಐದು ಜನ ಹೊರಟೆವು. ಕುಣಿಗಲ್ ದಾಟಿದ ಮೇಲೆ ಕಾರಿನಲ್ಲಿ ಇದೇ ಚರ್ಚೆ. ಒಬ್ಬಳು ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನ ದಾಸೋಹಕ್ಕೇ ಕೂರೋಣ ಅಂದಳು. ಇನ್ನೊಬ್ಬ ನಿಮ್ಮಮ್ಮನ ಕೈ ಊಟ ಅಂದ. ಟೆಸ್ಟಿಂಗ್ ಟೀಮಿನ ನನ್ನ ಗೆಳೆಯ ಮಾತ್ರ “ಹೋಟ್ಲಿಗೇ ಹೋಗೋಣ” ಅಂದ. ಯಾಕೋ ಅಂದರೆ “ಸುಮ್ನೆ” ಅಂದ.

ಚೆನ್ನಿಗರಾಯನ ಗುಡಿಯ ಹೊರಗೆ ಕಲ್ಲಿನ ಮೇಲೆ ಕೂತಾಗ ಅವನೇ ಹೇಳಿದ. ಅವನೂ ಪಕ್ಕದ ಜಿಲ್ಲೆಯ ಹಳ್ಳಿಯವನೇ. ಅವನ ತಾತ ತೆಂಗಿನ ಕಾಯಿ ಸುಲಿಯೋಕೆ ನಮ್ಮ ಸೀಮೆಗೆ ಬರ್ತಿದ್ದರಂತೆ. ದಿನಕ್ಕೆ ಸಾವಿರ ಕಾಯಿ ಸುಲಿದರೂ ಟೀ ಕುಡಿಯೋಕೆ ಹೋಟೆಲ್ಲಿನ ಒಳಗೆ ಬಿಡ್ತಿರಲಿಲ್ಲ. ಹೊರಗೆ ನಿಂತು, ಒಡೆದ ಕರಟ ಹಿಡಿದರೆ ಮೇಲಿಂದ ಹುಯ್ಯೋರು. ಕುಡಿದ ಮೇಲೆ ಕರಟ ಅಲ್ಲೇ ಎಸೆದು ಹೋಗಬೇಕು. “ನಮ್ ತಾತ ಆಮೇಲೆ ಜೀವನಪೂರ್ತಿ ಟೀ ಕುಡೀಲಿಲ್ಲ ಮಗಾ. ಈಗ ನಾನು ನಿಮ್ಮೂರಿಗೆ ಬಂದ್ರೆ ಫಸ್ಟು ಹೋಟ್ಲಲ್ಲಿ ಒಳಗೆ ಫ್ಯಾನ್ ಕೆಳಗೆ ಕೂತು ಟೀ ಕುಡೀಬೇಕು. ಅದು ಡ್ಯೂ ಇತ್ತು.”

ನಾನು ಹುಟ್ಟಿದಾಗಿನಿಂದ ಕರಟದ ರಾಶಿಯ ಮಧ್ಯೆ ಬೆಳೆದವನು. ಇದ್ದಿಲಾಗೋದು, ನೀರೊಲೆಗೆ ಹೋಗೋದು, ಸೌಟಾಗೋದು ಎಲ್ಲ ಗೊತ್ತಿತ್ತು. ಈ ಉಪಯೋಗವನ್ನ ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಸಂವಿಧಾನದ 15ನೆಯ ವಿಧಿಯಲ್ಲಿ ಅಂಗಡಿ, ಹೋಟೆಲು, ಸಾರ್ವಜನಿಕ ಊಟದ ಜಾಗ ಅಂತ ಹೆಸರಿಟ್ಟೇ ಬರೆದಿದ್ದಾರೆ, ಜಾತಿ ನೋಡಿ ಯಾರನ್ನೂ ಒಳಗೆ ಬಿಡದೆ ಇರುವಂತಿಲ್ಲ ಅಂತ. ಕಾಲೇಜಿನಲ್ಲಿ ಓದುವಾಗ, ಅಷ್ಟು ದೊಡ್ಡ ಪುಸ್ತಕದಲ್ಲಿ ಹೋಟೆಲ್ ಯಾಕೆ ಬಂತು ಅಂತ ನನಗೆ ತಮಾಷೆ ಅನ್ನಿಸಿತ್ತು. 1955ರಲ್ಲಿ ಅಸ್ಪೃಶ್ಯತೆ ಅಪರಾಧ ಅಂತ ಕಾನೂನೇ ಬಂತು. ಬೆಂಗಳೂರಿನಲ್ಲಿ ನಾವು ವೀಕೆಂಡ್ ಕ್ಯೂ ನಿಲ್ಲುವ ಎಂಟಿಆರ್ ಕೂಡ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆ ಕಾಲದಲ್ಲಿ ಹೋಟೆಲ್ ಬೋರ್ಡಿನ ಮೇಲಿನ ಜಾತಿ, ಒಳಗೆ ಅಡುಗೆ ಮಾಡಿದವರು ಯಾರು ಅಂತ ಗಿರಾಕಿಗೆ ಕೊಡುವ ಗ್ಯಾರಂಟಿ. ಇವತ್ತು ಅಂಥ ಬೋರ್ಡು ಕಂಡರೆ ನಮಗೆ ಫಿಲ್ಟರ್ ಕಾಫಿ ನೆನಪಾಗುತ್ತೆ, ಅಷ್ಟೇ. ನನ್ನ ಗೆಳೆಯನಿಗೆ ನೆನಪಾಗೋದು ಬೇರೆ.

ಅವತ್ತು ಹೋಟೆಲ್ಲಿಗೇ ಹೋದೆವು. ಫ್ಯಾನ್ ಕೆಳಗಿನ ಟೇಬಲ್ ಹಿಡಿದೆವು. ಮುದ್ದೆ, ಹುರುಳಿಕಾಳು ಸಾರು, ಅನ್ನ, ಮಜ್ಜಿಗೆ. ಸಪ್ಲೈಯರ್ ಹುಡುಗ ಯಾರು ಎತ್ತ ಅಂತ ಕೇಳಲಿಲ್ಲ, “ಮುದ್ದೆನಾ ಚಪಾತಿನಾ?” ಅಷ್ಟೇ ಕೇಳಿದ. ಊಟ ಆದ ಮೇಲೆ ಗೆಳೆಯ ಟೀ ತರಿಸಿಕೊಂಡ. ನಾವೂ ಕುಡಿದೆವು. ಟೀ ಬಹಳ ಸಿಹಿಯಿತ್ತು. ಬಿಲ್ ಅವನೇ ಕೊಟ್ಟ, ನಮ್ಮ ಕೈಯಲ್ಲಿ ಕೊಡಿಸಲಿಲ್ಲ.

ಸಂಜೆ ಮನೆಗೆ ಹೋದೆವು. ಊಟ ಆಗಿದೆ ಅಂತ ಅಮ್ಮನಿಗೆ ಮೊದಲೇ ಫೋನ್ ಮಾಡಿದ್ದೆ, ಮುಖ ಊದಿಸಿಕೊಂಡೇ ಕಾಫಿಗಿಟ್ಟಳು. ಜಗಲಿ ಮೇಲೆ ದೊಡ್ಡಪ್ಪ ಕೂತಿದ್ದರು. ನಮ್ಮ ಕಡೆ ಹೊಸಬರನ್ನ ಕಂಡರೆ ಊರು ಯಾವುದು ಅಂತ ಕೇಳಿ, ಎರಡನೇ ಪ್ರಶ್ನೆಯಾಗಿ “ಯಾರ ಪೈಕಿ?” ಅಂತಾರೆ. ಕೇಳಿದರು. ನಾನು “ಆಫೀಸಿನೋರು ದೊಡ್ಡಪ್ಪಾ” ಅಂದೆ. ಅವನು ನನ್ನ ಮಾತು ಮುಗಿಯೋಕೆ ಬಿಡದೆ ತಾನೇ ಜಾತಿ ಹೇಳಿದ, ಪಿನ್‌ಕೋಡ್ ಹೇಳಿದಷ್ಟು ಸಲೀಸಾಗಿ.

ಅಮ್ಮ ಸ್ಟೀಲ್ ಲೋಟಗಳಲ್ಲಿ ಕಾಫಿ ತಂದಳು. ಎಲ್ಲರಿಗೂ ಒಂದೇ ತಟ್ಟೆಯಿಂದ. ದೊಡ್ಡಪ್ಪನ ಮುಂದೆ ಹಿಡಿದಾಗ “ನಂಗೆ ಬ್ಯಾಡವ್ವ ಇವತ್ತು” ಅಂದರು. ನನಗೆ ನೆನಪಿರೋ ಮಟ್ಟಿಗೆ ಆ ಮನುಷ್ಯ ನಮ್ಮ ಮನೆಯಲ್ಲಿ ಕಾಫಿ ಬೇಡ ಅಂದದ್ದು ಅದೊಂದೇ ದಿನ. ಅಮ್ಮ ಆ ಲೋಟ ಒಳಗೆ ಒಯ್ಯಲಿಲ್ಲ, ಅಲ್ಲೇ ಕೆಳಗೆ ಕೂತು ತಾನೇ ಕುಡಿದಳು. ಗೆಳೆಯ ಕುಡಿದು ಎದ್ದು, ಲೋಟ ತೊಳೆಯೋಕೆ ನಲ್ಲಿ ಕಡೆ ಹೊರಟ. “ಅಲ್ಲೇ ಮಡಗಪ್ಪ, ಎಲ್ಲಾ ಒಟ್ಗೆ ತೊಳೀತೀನಿ” ಅಂದಳು. ಅವಳಿಗೆ ಎಷ್ಟು ಅರ್ಥವಾಗಿತ್ತು ಅಂತ ನಾನು ಕೇಳಲಿಲ್ಲ. ಎಲ್ಲ ಅರ್ಥವಾಗಿತ್ತು ಅಂತಲೇ ನನ್ನ ನಂಬಿಕೆ. ಆ ಊರಿನಲ್ಲಿ ನಲವತ್ತು ವರ್ಷ ಬಾಳಿದವಳು.

ವಾಪಸ್ ಬರುವಾಗ ಕಾರಿನಲ್ಲಿ ಅವನು “ನಿಮ್ಮಮ್ಮ ಸೂಪರ್. ಆದ್ರೂ ನೆಕ್ಸ್ಟ್ ಟೈಮೂ ಹೋಟ್ಲೇ” ಅಂದ. ನನಗೆ ಅದು ಸರಿಯೇ ಅನ್ನಿಸಿತು. ಮನೆ ಎಷ್ಟೇ ಒಳ್ಳೇದಾದರೂ ಅಲ್ಲಿ ಒಳಗೆ ಬರೋಕೆ ಯಾರದಾದರೂ ದೊಡ್ಡ ಮನಸ್ಸು ಬೇಕು. ಹೋಟೆಲ್ಲಿನಲ್ಲಿ ತೊಂಬತ್ತು ರೂಪಾಯಿ ಸಾಕು. ನಮ್ಮಂಥವರು ‘ಹೋಮ್ಲಿ ಫುಡ್’ ಹುಡುಕಿಕೊಂಡು ಹಳ್ಳಿಗೆ ಹೋಗ್ತೀವಿ. ಅದೇ ಹಳ್ಳಿಯಿಂದ ಬಂದ ಕೆಲವರಿಗೆ ಹೋಮ್ಲಿ ಅಲ್ಲದ ಜಾಗವೇ ನೆಮ್ಮದಿ.

ಅದಾದ ಮೇಲೆ ಶುಕ್ರವಾರದ ಮೆಸೇಜಿಗೆ ನನ್ನ ಉತ್ತರ ಸ್ವಲ್ಪ ಉದ್ದವಾಗಿದೆ. ಚಟ್ನಿ, ಹೊತ್ತು, ಗುಮಾಸ್ತರು ಎಲ್ಲ ಹೇಳುವ ಮೊದಲು “ಯಾರ್ಯಾರು ಹೋಗ್ತಿದೀರಾ?” ಅಂತ ಕೇಳ್ತೀನಿ. ಜಾತಿ ತಿಳ್ಕೊಳ್ಳೋಕಲ್ಲ. ಗುಂಪಿನಲ್ಲಿ ಒಬ್ಬ ಸುಮ್ಮನಿದ್ದು ಕೊನೆಯಲ್ಲಿ “ಹೋಟ್ಲಿಗೇ ಹೋಗೋಣ” ಅಂದರೆ ಕಾರಣ ಕೇಳಬೇಡಿ, ಹೋಗಿ ಅಂತ ಹೇಳೋಕೆ. ಮನೆಗೆ ಬನ್ನಿ ಅಂತಲೂ ಕರೀತೀನಿ, ಕಾಫಿಗೆ. ದೊಡ್ಡಪ್ಪ ಈಗಲೂ ಜಗಲಿ ಮೇಲೇ ಇರ್ತಾರೆ, ಈಗಲೂ ಅದೇ ಪ್ರಶ್ನೆ ಕೇಳ್ತಾರೆ. ಬರುವವರು ಗೊತ್ತಿದ್ದು ಬರಲಿ.

ಉಳಿದದ್ದು ಮೊದಲಿನಂತೆಯೇ. ನೆಲಮಂಗಲ, ಕುಣಿಗಲ್, ಎಡೆಯೂರು, ಮಾಯಸಂದ್ರ ಮೇಲೆ ಬನ್ನಿ. ಎರಡು ಗುಡಿ ನೋಡಿ ಹನ್ನೆರಡೂಕಾಲಿಗೆಲ್ಲ ಬಸ್ ಸ್ಟ್ಯಾಂಡ್ ಕಡೆ ಹೊರಡಿ. ಮುದ್ದೆ ಖಾಲಿಯಾದ ಮೇಲೆ ಎಷ್ಟು ಸ್ಟಾರ್ ಇದ್ದರೂ ಅಷ್ಟೇ.