ಮೊಮ್ಮಗನ ಕೈಗವಸು

ಚಿಮ್ಮನಚೋಡದಂತಹ ಊರಿನಲ್ಲಿ ಕುಳಿತು ಉಣ್ಣೆಯ ಕೈಗವಸನ್ನು ಕುರಿತು ಬರೆಯುವೆವೆಂದರೆ ವಾಚಕರಿಗೆ ನಗೆ ಬಂದರೂ ಬರಬಹುದು. ಚಿಂಚೋಳಿ ತಾಲ್ಲೂಕಿನ ಈ ನಮ್ಮ ಊರು ಮುಲ್ಲಾಮಾರಿ ಹೊಳೆಯ ದಂಡೆಯಲ್ಲಿರುವುದು. ಬೇಸಗೆಯಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿಯನ್ನು ದಾಟುವುದು. ತೊಗರಿಯ ಕೊಯ್ಲಿನ ದಿನಗಳಲ್ಲಿ ಮುಂಜಾನೆ ಥಂಡಿಯೇನೋ ಉಂಟು. ಆದರೆ ಅದಕ್ಕೆ ಹೆಗಲ ಮೇಲೊಂದು ಕಂಬಳಿ, ಒಲೆಯ ಮುಂದೆ ಅರೆಗಳಿಗೆ ಕೈ ಕಾಯಿಸುವುದು, ಇಷ್ಟು ಸಾಕು. ಕೈಗೆ ಗವಸು ತೊಟ್ಟು ಹೊಲಕ್ಕೆ ಹೋದವರನ್ನು ನಾವಂತೂ ಕಂಡವರಲ್ಲ. ಹೀಗಿದ್ದರೂ ಎರಡು ಚಳಿಗಾಲಗಳಲ್ಲಿ ನಮ್ಮ ಪಡಸಾಲೆಯ ಮುಖ್ಯ ಉದ್ಯೋಗವು ಅದೇ ಆಗಿದ್ದಿತು. ಅದರಲ್ಲಿ ನಾವು ಮಾಡಿದ ತಪ್ಪು ಇತರ ಮನೆಗಳಲ್ಲಿಯೂ ಆಗತಕ್ಕುದಾದ್ದರಿಂದ, ಅದನ್ನು ಮುಚ್ಚಿಡದೆ ಹೇಳುವುದು ಲೇಸೆಂದು ತೋರಿತು.

ನಾವೆಂದರೆ ಇಬ್ಬರು ನೆಗೆಣ್ಣಿಯರು. ಒಂದೇ ಹೊಸ್ತಿಲನ್ನು ತುಳಿದು ಬಂದು ನಾಲ್ವತ್ತು ವರ್ಷಗಳ ಮೇಲಾಯಿತು. ಹಿರಿಯಳಿಗೆ ಕಣ್ಣು ಮಬ್ಬು, ಕಿರಿಯಳಿಗೆ ಸೊಂಟದ ನೋವು. ಹೆಣಿಗೆ ಬಲ್ಲವಳು ಹಿರಿಯಳು. 1962ರ ಚೀಣಾ ಯುದ್ಧದ ಕಾಲದಲ್ಲಿ ದೇಶದ ನಾನಾ ಕಡೆಗಳಲ್ಲಿ ಹೆಂಗಸರು ಜವಾನರಿಗಾಗಿ ಸ್ವೆಟರು, ಕಾಲುಚೀಲಗಳನ್ನು ಹೆಣೆದು ಕಳುಹಿಸಿದುದನ್ನು ಹಲವರು ಬಲ್ಲರು. ಹಾಗೆ ಹೆಣೆದಿದ್ದ ಉಪಾಧ್ಯಾಯಿನಿಯೊಬ್ಬಳ ಬಳಿ, ಮುಂದೆ ಕಲಬುರ್ಗಿಯಲ್ಲಿ ಓದುವಾಗ ನಮ್ಮ ಹಿರಿಯಳು ಸೀದಾ, ಉಲ್ಟಾ ಎರಡನ್ನೂ ಕಲಿತಳು. ಈಗ ಕುಣಿಕೆಗಳನ್ನು ಎಣಿಸುವುದು ಕಿರಿಯಳ ಕಣ್ಣಿನ ಪಾಲು. ಕಡ್ಡಿ ಆಡಿಸುವುದು ಹಿರಿಯಳ ಬೆರಳಿನ ಪಾಲು.

ಕಿರಿಯಳ ಮಗಳು ಇಬ್ಬರ ಮಡಿಲಿನಲ್ಲಿಯೂ ಬೆಳೆದವಳು. ಒಬ್ಬಳು ಅವ್ವ, ಇನ್ನೊಬ್ಬಳು ದೊಡ್ಡವ್ವ. ಅವಳು ಈಗ ಗಂಡನೊಡನೆ ಕೆನಡಾ ದೇಶದ ವಿನಿಪೆಗ್ ನಗರದಲ್ಲಿರುವಳು. ಅಲ್ಲಿ ಜನವರಿಯ ರಾತ್ರಿಗಳಲ್ಲಿ ಶೀತವು ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಸಾಮಾನ್ಯ ಸಂಗತಿ. ಅವಳ ಮಗನಿಗೆ ಆಗ ಐದು ತುಂಬಿದ್ದಿತು. ಅವನನ್ನು ನಾವು ಎತ್ತಿಕೊಂಡದ್ದು ಒಂದೇ ಒಂದು ಸಲ. ನಮ್ಮ ಕೈಯ ಅನ್ನವಂತೂ ಅವನಿಗೆ ಮುಟ್ಟದು, ಕೈಯ ಕೆಲಸವಾದರೂ ಮುಟ್ಟಲಿ ಎಂಬ ಆಸೆಯಿಂದ ಕೈಗವಸು ಹೆಣೆಯಲು ತೊಡಗಿದೆವು.

ಐದು ಬೆರಳಿಗೂ ಬೇರೆ ಬೇರೆ ಕೊಳವೆಗಳುಳ್ಳ ಕೈಗವಸಿಗಿಂತ, ಹೆಬ್ಬೆರಳೊಂದನ್ನು ಬೇರೆ ಮಾಡಿ ಉಳಿದ ನಾಲ್ಕನ್ನು ಒಂದೇ ಚೀಲದಲ್ಲಿರಿಸುವುದು ಹೆಚ್ಚು ಬೆಚ್ಚಗೆ. ಒಂದೇ ಕೌದಿಯೊಳಗೆ ನಾಲ್ಕು ಮಕ್ಕಳು ಮಲಗಿದಂತೆ, ಬೆರಳುಗಳು ಒಂದರ ಕಾವನ್ನು ಒಂದು ಹಂಚಿಕೊಳ್ಳುವುವು. ಶೀತದೇಶಗಳಲ್ಲಿ ಇಂತಹ ಗವಸಿಗೆ ದೊಡ್ಡ ಮರ್ಯಾದೆ. ಲಾಟ್ವಿಯಾ ದೇಶದಲ್ಲಿ ಹಿಂದೆ ಕನ್ನೆಯರು ಮದುವೆಗೆ ಮುಂಚೆಯೇ ಪೆಟ್ಟಿಗೆ ತುಂಬ ಗವಸುಗಳನ್ನು ಹೆಣೆದಿಟ್ಟು, ಮದುವೆಯಲ್ಲಿ ಗಂಡನ ಕಡೆಯ ಬಂಧುಗಳಿಗೆಲ್ಲ ಕೊಡುವ ವಾಡಿಕೆಯಿದ್ದಿತು. 2006ರಲ್ಲಿ ಆ ದೇಶದ ರಾಜಧಾನಿಯಾದ ರೀಗಾದಲ್ಲಿ ನ್ಯಾಟೋ ರಾಷ್ಟ್ರಗಳ ಸಭೆ ಸೇರಿದಾಗ, ಬಂದ ಅತಿಥಿಗಳಿಗಾಗಿ ಸುಮಾರು 4,500 ಜೊತೆ ಗವಸುಗಳನ್ನು ಕೈಯಿಂದಲೇ ಹೆಣೆಸಿ ಉಡುಗೊರೆ ಕೊಟ್ಟರು. ಸಾಮಾನ್ಯ ಹೆಂಗಸರ ಕೈಗೆಲಸಕ್ಕೆ ಸಂದ ಈ ಗೌರವವನ್ನು ಓದಿ ನಮಗೆ ಬಹಳ ಸಂತೋಷವಾಯಿತು.

ಮೊದಲನೆಯ ಜೊತೆಗೆ ನಾವು ಅಳತೆ ತರಿಸಿದ ಬಗೆ ಹೀಗೆ: ಮಗುವಿನ ಕೈಯನ್ನು ಕಾಗದದ ಮೇಲೆ ಚಪ್ಪಟೆಯಾಗಿ ಇರಿಸಿ, ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದು ಕಳುಹಿಸೆಂದೆವು. ಆ ಚಿತ್ರವನ್ನು ನೋಡಿ ನೆಟ್ಟಗೊಂದು ಕೊಳವೆ ಹೆಣೆದು, ಪಕ್ಕದಲ್ಲೊಂದು ಸೀಳು ಬಿಟ್ಟು, ಆ ಸೀಳಿಗೆ ಹೆಬ್ಬೆರಳಿನ ಸಣ್ಣ ಕೊಳವೆಯನ್ನು ಕೂಡಿಸಿದೆವು. ಕಾಗದದ ಮೇಲಿಟ್ಟರೆ ಗೆರೆಗೆ ಗೆರೆ ಸರಿಯಾಯಿತು. ಕಳುಹಿಸಿದೆವು. “ಭಾಳ ಛಂದ ಆಗ್ಯಾವ ಅವ್ವಾ, ದಿನಾ ಹಾಕ್ಕೋತಾನ” ಎಂದು ಮಗಳು ಹೇಳಿದಳು. ಆ ವರ್ಷವೆಲ್ಲ ನಾವು ನೆರೆಹೊರೆಯವರಿಗೆ ಆ ಮಾತನ್ನು ಹೇಳಿ ಹೇಳಿ ಹಿಗ್ಗಿದೆವು.

ಮುಂದಿನ ದೀಪಾವಳಿಯ ಹೊತ್ತಿಗೆ ಒಂದು ದಿನ, ಫೋನಿನ ಪರದೆಯಲ್ಲಿ ಮುಖ ನೋಡಿ ಮಾತನಾಡುತ್ತಿರುವಾಗ, ಇನ್ನೊಂದು ಜೊತೆ ಹೆಣೆಯಲೇ ಎಂದು ಹಿರಿಯಳು ಮಗುವನ್ನೇ ಕೇಳಿದಳು. “ಬ್ಯಾಡ ಆಯಿ, ಅದು ಹಾಕ್ಕೊಂಡ್ರ ಹೆಬ್ಬಟ್ಟು ಜಗ್ತದ” ಎಂದು ಅವನು ಸರಳವಾಗಿ ಹೇಳಿಬಿಟ್ಟನು. ಮಗಳ ಮುಖ ಬಾಡಿತು. ಕೇಳಿದ ಮೇಲೆ ನಿಜವೆಲ್ಲ ಹೊರಬಿದ್ದಿತು. ಹುಡುಗನು ಮುಷ್ಟಿ ಹಿಡಿದಾಗಲೆಲ್ಲ ಹೆಬ್ಬೆರಳಿನ ಬುಡದಲ್ಲಿ ಗವಸು ಬಿಗಿದು ಮೇಲಕ್ಕೆ ಸರಿಯುವುದು, ಮಣಿಕಟ್ಟು ಬಯಲಾಗುವುದು. ಒಂದು ದಿನ ಹಿಮದಲ್ಲಿ ಆಡುವಾಗ ಅವನು ಬೇಸತ್ತು ಅವುಗಳನ್ನು ಕಳಚಿ ಎಸೆದಿದ್ದನು. ಮನೆಗೆ ಬರುವಷ್ಟರಲ್ಲಿ ಬೆರಳತುದಿಗಳು ಬೆಳ್ಳಗಾಗಿ ಸ್ಪರ್ಶ ತಪ್ಪಿದ್ದವು. ಉಗುರುಬೆಚ್ಚನೆಯ ನೀರಿನಲ್ಲಿ ಕೈಯಿರಿಸಿದ ಮೇಲೆ ಅಳುತ್ತಳುತ್ತ ಸರಿಹೋಯಿತಂತೆ. ದೇವರ ದಯೆ, ಮುಂದೆ ಯಾವ ಬಾಧೆಯೂ ಉಳಿಯಲಿಲ್ಲ. ನಾವು ನೊಂದುಕೊಳ್ಳುವೆವೆಂದು ಮಗಳು ಈ ಸಂಗತಿಯನ್ನು ಹತ್ತು ತಿಂಗಳು ಮುಚ್ಚಿಟ್ಟಿದ್ದಳು.

ಎರಡು ದಿನ ನಮ್ಮ ಮನೆಯಲ್ಲಿ ಮಾತಿರಲಿಲ್ಲ. ಕಿರಿಯಳಿಗೆ ಮಗಳ ಸುಳ್ಳಿನ ಮೇಲೆ ಸಿಟ್ಟು. ಹಿರಿಯಳಿಗೆ ತನ್ನ ಕೈಕಸಬಿನ ಮೇಲೆ ಸಿಟ್ಟು. ಮೂರನೆಯ ದಿನ ಹಿರಿಯಳೇ ಬಾಯಿ ಬಿಟ್ಟಳು: “ಬೀಗರ ಮನ್ಯಾಗ ಉಪ್ಪಿಲ್ಲದ ಸಾರು ಬಡಿಸಿದ್ರೂ ಛಂದ ಆಗ್ಯಾದ ಅನಬೇಕು ಅಂತ ಅಕಿಗೆ ಕಲಿಸಿದವರು ಯಾರು? ನಾವೇ ಅಲ್ಲೇನು?” ಅದು ನಿಜ. ಹೊರಗಿನವರಿಗೆ ಸಲ್ಲತಕ್ಕ ಆ ಉಪಚಾರದ ಮಾತು ಮನೆಯವರಿಗೆ ಸಲ್ಲದೆಂಬುದನ್ನು ನಾವು ಕಲಿಸಿರಲಿಲ್ಲ. ಒಳ್ಳೆಯ ಮಾತನ್ನು ಕೇಳಬೇಕೆಂಬ ನಮ್ಮ ಹಂಬಲವೇ ಅವಳ ಬಾಯಿಯನ್ನು ಕಟ್ಟಿದ್ದಿತು.

ದೋಷವು ಎಲ್ಲಿದೆಯೆಂಬುದನ್ನು ನಮಗೆ ತೋರಿಸಿಕೊಟ್ಟದ್ದು ಜೋಳದ ಹಿಟ್ಟು. ಕಿರಿಯಳು ರೊಟ್ಟಿಗೆ ಹಿಟ್ಟು ನಾದುತ್ತಿರುವಾಗ ಅಂಗೈಯ ಅಚ್ಚು ಹಿಟ್ಟಿನಲ್ಲಿ ಮೂಡಿತು. ನೋಡಿದರೆ, ಎಲ್ಲಕ್ಕಿಂತ ಆಳವಾದ ಗುಳಿ ಬಿದ್ದುದು ಹೆಬ್ಬೆರಳಿನ ಬುಡದ ದಿಂಡಿನಿಂದ. ಹೆಬ್ಬೆರಳು ಅಂಗೈಯ ನಡುಭಾಗದಲ್ಲಿ ಕೊಂಬೆಯಂತೆ ಹುಟ್ಟುವುದಿಲ್ಲ; ಅದರ ಬೇರು ಮಣಿಕಟ್ಟಿನ ಹತ್ತಿರವೇ ಇರುವುದು. ಅಲ್ಲಿಯ ಕೀಲು ಕುದುರೆಯ ಜೀನಿನ ಆಕಾರದ್ದೆಂದು ಶರೀರಶಾಸ್ತ್ರವು ಹೇಳುವುದು. ಆದುದರಿಂದಲೇ ಹೆಬ್ಬೆರಳು ಉಳಿದ ಬೆರಳುಗಳ ಎದುರಿಗೆ ಬಂದು ನಿಲ್ಲಬಲ್ಲದು, ತುತ್ತು ಹಿಡಿಯಬಲ್ಲದು, ಕುಡುಗೋಲು ಹಿಡಿಯಬಲ್ಲದು. ದ್ರೋಣನು ಏಕಲವ್ಯನಿಂದ ಕೇಳಿದ್ದು ಆ ಬೆರಳನ್ನೇ ಅಲ್ಲವೆ? ಕಾಗದದ ಮೇಲೆ ಚಪ್ಪಟೆಯಾದ ಕೈಯನ್ನು ನಾವು ಅಳೆದಿದ್ದೆವು; ಮಗುವಾದರೋ ಹಿಡಿಯುವ ಕೈಗೆ ಗವಸು ತೊಡಬೇಕಾಗಿದ್ದಿತು. ಅಂಗಿಯ ಕಂಕುಳಲ್ಲಿ ತೋಳು ಎತ್ತಲು ಅನುವಾಗುವಂತೆ ದರ್ಜಿಯು ಒಂದು ಚೌಕದ ತುಂಡನ್ನು ಸೇರಿಸುವುದುಂಟು. ಅಂತಹುದೇ ಒಂದು ಹೆಚ್ಚಳವು ಹೆಬ್ಬೆರಳಿನ ಬುಡಕ್ಕೆ ಬೇಕಾಗಿದ್ದಿತು.

ಉಣ್ಣೆಯಲ್ಲಿಯೂ ನಾವು ಮೋಸ ಹೋಗಿದ್ದೆವು. ಪೇಟೆಯಲ್ಲಿ ಉಲ್ಲನ್ ಎಂದು ಕೊಡುವ ದಾರದಲ್ಲಿ ಬಹುಪಾಲು ಅಕ್ರಿಲಿಕ್. ಒಂದು ಎಳೆಯನ್ನು ದೀಪಕ್ಕೆ ಹಿಡಿದರೆ ಭೇದ ತಿಳಿಯುವುದು: ನಿಜವಾದ ಉಣ್ಣೆಯು ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುವುದು, ಅಕ್ರಿಲಿಕ್ ಕರಗಿ ಗಟ್ಟಿಯಾದ ಮಣಿಯಾಗುವುದು. ಉಣ್ಣೆಯು ತನ್ನ ತೂಕದ ಸುಮಾರು ಶೇಕಡ 30ರಷ್ಟು ತೇವವನ್ನು ಹೀರಿಕೊಂಡರೂ ಒದ್ದೆಯೆನಿಸದು. ಹಿಮದಲ್ಲಿ ಆಡುವ ಮಗುವಿಗೆ ಇದು ದೊಡ್ಡ ಗುಣ. ನಮ್ಮ ಸೀಮೆಯ ಕುರಿಯ ಉಣ್ಣೆಯು ಕಂಬಳಿಗೆ ಉತ್ತಮ, ಎಳೆಯ ಚರ್ಮಕ್ಕೆ ಚುಚ್ಚುವುದು. ಆದಕಾರಣ ಮೆತ್ತನೆಯ ಮೆರಿನೋ ಜಾತಿಯ ದಾರವನ್ನು ತರಿಸಿದೆವು.

ಎರಡನೆಯ ಜೊತೆಯನ್ನು ಹೆಣೆದ ಕ್ರಮವನ್ನು ಗೃಹಿಣಿಯರ ಉಪಯೋಗಕ್ಕಾಗಿ ಹೇಳುವೆವು. ಮೊದಲು ಒಂದು ಸಣ್ಣ ಚೌಕವನ್ನು ಹೆಣೆದು ಎಣಿಸಿದೆವು. 10 ಸೆಂಟಿಮೀಟರಿಗೆ 24 ಕುಣಿಕೆ ಬಂದವು. ಹೆಬ್ಬೆರಳನ್ನು ಬಿಟ್ಟು ಅಂಗೈಯ ಸುತ್ತಳತೆ 15 ಸೆಂಟಿಮೀಟರು. ಆದುದರಿಂದ 36 ಕುಣಿಕೆ. ಇವನ್ನು ಮೂರು ಕಡ್ಡಿಗಳಿಗೆ ಹನ್ನೆರಡರಂತೆ ಹಂಚಿ, ನಾಲ್ಕನೆಯ ಕಡ್ಡಿಯಿಂದ ಸುತ್ತುಸುತ್ತಾಗಿ ಹೆಣೆಯತಕ್ಕದ್ದು. ಮಣಿಕಟ್ಟಿಗೆ ಎರಡು ಸೀದಾ, ಎರಡು ಉಲ್ಟಾ ಎಂಬಂತೆ ಆರು ಸೆಂಟಿಮೀಟರು ಪಟ್ಟಿ. ಇದು ರಬ್ಬರಿನಂತೆ ಹಿಗ್ಗಿ ಕುಗ್ಗುವುದು. ಅನಂತರ ಎಲ್ಲವೂ ಸೀದಾ.

ಪಟ್ಟಿ ಮುಗಿದ ಕೂಡಲೆ ಅಂಗೈಯ ಅಂಚಿನಿಂದ ಎರಡು ಕುಣಿಕೆ ಒಳಗೆ, ಮೂರನೆಯ ಕುಣಿಕೆಗೆ ಗುರುತಿನ ದಾರ ಕಟ್ಟಿ, ಅದರ ಎಡಬಲಗಳಲ್ಲಿ ಒಂದೊಂದು ಕುಣಿಕೆಯನ್ನು ಹೆಚ್ಚಿಸಿದೆವು. ಒಂದಿದ್ದುದು ಮೂರಾಯಿತು. ಎರಡು ಸುತ್ತು ಹಾಗೆಯೇ ಹೆಣೆದು ಮೂರನೆಯ ಸುತ್ತಿಗೆ ಮತ್ತೆ ಹೆಚ್ಚಿಸಿದರೆ ಐದು. ಹೀಗೆಯೇ ಏಳು, ಒಂಬತ್ತು, ಹನ್ನೊಂದು. ಮಣಿಕಟ್ಟಿನಿಂದ ಮೇಲೇರುತ್ತ ಅಗಲವಾಗುವ ಒಂದು ಬೆಣೆಯಾಕಾರವು ಅಲ್ಲಿ ಮೂಡುವುದು. ಹೆಬ್ಬೆರಳಿನ ದಿಂಡಿಗೆ ಇದೇ ಎಡೆ. ಬೆರಳು ಕವಲೊಡೆಯುವ ಎತ್ತರಕ್ಕೆ ಬಂದಾಗ ಆ 11 ಕುಣಿಕೆಗಳನ್ನು ಬೇರೆ ಬಣ್ಣದ ದಾರಕ್ಕೆ ಪೋಣಿಸಿ ಬಿಟ್ಟು, ಅವುಗಳ ಜಾಗದಲ್ಲಿ ಹೊಸದಾಗಿ ಒಂದು ಕುಣಿಕೆ ಹಾಕಿದರೆ ಮತ್ತೆ 36 ಆಗುವುದು. ಕಿರುಬೆರಳು ಮುಚ್ಚುವವರೆಗೆ ಹೆಣೆದು, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಆರಾರು ಕುಣಿಕೆಗಳನ್ನು ಕಡಿಮೆ ಮಾಡುತ್ತ ಬಂದು, ಕೊನೆಗುಳಿದ ಆರರೊಳಗೆ ದಾರವೆಳೆದು ಬಿಗಿಯತಕ್ಕದ್ದು.

ಬಿಟ್ಟ 11 ಕುಣಿಕೆಗಳನ್ನು ಮತ್ತೆ ಕಡ್ಡಿಗೇರಿಸುವಾಗ ಮೂಲೆಗಳಲ್ಲಿ ತೂತು ಬೀಳುವುದು ಸಹಜ. ಅದಕ್ಕಾಗಿ ಆ ಸಂದಿಯಿಂದ ಇನ್ನೂ ಮೂರನ್ನು ಎತ್ತಿಕೊಂಡು, ಮುಂದಿನ ಸುತ್ತಿನಲ್ಲಿ ಮೂಲೆಯ ಎರಡನ್ನು ನೆರೆಯವುಗಳೊಡನೆ ಕೂಡಿಸಿ 12ಕ್ಕೆ ಇಳಿಸಿದೆವು. ತೂತು ಮುಚ್ಚಿತು. ಬೆಣೆಯನ್ನು ಅಂಗೈಯ ಕಡೆಗೆ ಇಟ್ಟುದರಿಂದ ಎಡಗೈಯದು ಬೇರೆ, ಬಲಗೈಯದು ಬೇರೆ ಆಗುವುದು. ಎರಡನೆಯದನ್ನು ಕನ್ನಡಿಯ ಬಿಂಬದಂತೆ ಹೆಣೆಯಲು ಮರೆಯಬಾರದು. ನಾವು ಮರೆತು ಎರಡೂ ಬಲಗೈಯವಾಗಿ, ಒಂದನ್ನು ಪೂರ್ತಿ ಬಿಚ್ಚಿದೆವು.

ಈ ಸಲ ಕಾಗದವನ್ನು ನಂಬಲಿಲ್ಲ. ನೆರೆಮನೆಯ ಆರು ವರ್ಷದ ಹುಡುಗನನ್ನು ಕರೆದು ಕೈಗೆ ತೊಡಿಸಿ, ಬಕೆಟ್ಟಿನ ಹಿಡಿಯನ್ನು ಹಿಡಿ, ಮುಷ್ಟಿ ಕಟ್ಟು, ಚೆಂಡೆಸೆ ಎಂದೆವು. ಮಧ್ಯಾಹ್ನದ ಸೆಕೆಯಲ್ಲಿ ಪಾಪ, ಅವನ ಹಣೆಯಲ್ಲಿ ಬೆವರು. ತಪ್ಪು ಹೇಳಿದರೆ ಮಾತ್ರ ಶೇಂಗಾದ ಉಂಡಿ ಎಂದು ಕರಾರಾಗಿದ್ದಿತು. “ಇಲ್ಲಿ ಗಂಟು ಒತ್ತತದ” ಎಂದನು. ನೋಡಿದರೆ ಹೆಬ್ಬೆರಳ ತುದಿಯಲ್ಲಿ ದಾರದ ಗಂಟು ಒಳಗಡೆ ಉಳಿದಿದ್ದಿತು. ತೆಗೆದೆವು. ಅವನಿಗೆ ಎರಡು ಉಂಡಿ ಕೊಟ್ಟೆವು.

ಕಳುಹಿಸುವಾಗ ಗವಸಿನೊಳಗೆ ಒಂದು ಚೀಟಿಯನ್ನಿಟ್ಟೆವು: ಸರಿಯಿಲ್ಲದಿದ್ದರೆ ಹೇಳು, ಬಿಚ್ಚಿ ಮತ್ತೆ ಹೆಣೆಯುವೆವು; ದಾರಕ್ಕೆ ಬಿಚ್ಚಿದರೆ ನೋವಿಲ್ಲ, ನಮಗೂ ಇಲ್ಲ. ಮಗಳು ಹದಿನೈದು ದಿನ ಕಾಯ್ದು ಉತ್ತರ ಕೊಟ್ಟಳು. ಹೆಬ್ಬೆರಳು ಜಗ್ಗುವುದಿಲ್ಲ; ಆದರೆ ಬಲವಾದ ಗಾಳಿಯು ಹೆಣಿಗೆಯ ಕಣ್ಣುಗಳಲ್ಲಿ ನುಗ್ಗುವುದರಿಂದ, ಕಡು ಚಳಿಯಲ್ಲಿ ಮೇಲೊಂದು ಗಾಳಿ ತಡೆಯುವ ಗವಸನ್ನು ತೊಡಿಸಬೇಕಾಗುವುದು ಎಂದಳು. ಹೊಗಳಿಕೆಯೊಡನೆ ಒಂದು ಕುಂದನ್ನೂ ಹೇಳಿದುದರಿಂದ ಆ ಹೊಗಳಿಕೆಯನ್ನು ನಾವು ನಂಬಿದೆವು.

ಹೋದ ಬೇಸಗೆಯ ರಜೆಯಲ್ಲಿ ಅವರು ಊರಿಗೆ ಬಂದಿದ್ದರು. ಹುಡುಗನು ತನ್ನ ಚೀಲದಿಂದ ಗವಸುಗಳನ್ನು ತಾನೇ ತೆಗೆದುಕೊಟ್ಟನು. ಅಂಗೈಯಲ್ಲಿ ಉಣ್ಣೆ ಜುಂಜಾಗಿದ್ದಿತು. ಬಲಗೈಯ ಹೆಬ್ಬೆರಳ ತುದಿಯಲ್ಲಿ ಒಂದು ತೂತು ಬಿದ್ದಿದ್ದಿತು. ಮಗಳು ನಾಚಿಕೊಂಡು ಕ್ಷಮೆ ಕೇಳಹೋದಳು. ನಾವಿಬ್ಬರೂ ಆ ತೂತಿನೊಳಗೆ ಬೆರಳು ತೂರಿಸಿ ನೋಡಿ ನಕ್ಕೆವು. ತೊಟ್ಟುದು ನಿಜವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಆ ಮಧ್ಯಾಹ್ನವೇ ಹೆಬ್ಬೆರಳಿನ ತುದಿಯಷ್ಟನ್ನೇ ಬಿಚ್ಚಿ ಹೊಸ ದಾರದಿಂದ ಹೆಣೆದೆವು. ಹುಡುಗನು ಎದುರಿಗೆ ಕುಳಿತು ಕುಣಿಕೆಗಳನ್ನು ಎಣಿಸಿದನು; ಹನ್ನೆರಡು, ಸರಿಯಾಗಿದ್ದವು. ಆದರೆ ಅವನ ಕೈಯಾಗಲೇ ಬೆಳೆದುಬಿಟ್ಟಿರುವುದು. ಈ ವರ್ಷ 40 ಕುಣಿಕೆಯಿಂದ ಆರಂಭಿಸಬೇಕು.